ಕಿವಿಗೂ ಪರದೆಗೂ ನಡುವಿನ ಬೆರಳಗಲದ ಜಾಗ

(ಬೆಂಗಳೂರಿನ ಒಂದು ಸಣ್ಣ ಕೇಳುಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರದಿಂದ ನೋಡಿದವರು ಇಲ್ಲಿ ಹಲವರಿದ್ದೀರಿ. ಬಿರಡೆ ತಿರುಗಿಸಿ ತಂತಿ ಸ್ವರಕ್ಕೆ ಬಂದ ಮೇಲೂ ಕೆಲಸ ಮುಗಿದಿರುವುದಿಲ್ಲ. ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಮೇಲೆ, ತಂತಿಯ ಅಡಿಗೆ, ಒಂದು ಹತ್ತಿಯ ಎಳೆ ಸೇರಿಸುತ್ತಾರಲ್ಲ, ಜೀವಾಳಿ ಅಂತ? ಅದನ್ನು ಚೂರು ಚೂರೇ ಹಿಂದೆ ಮುಂದೆ ಸರಿಸುತ್ತ ಹೋಗುತ್ತಾರೆ. ಮಂಕಾಗಿ ಮಿಡಿಯುತ್ತಿದ್ದ ತಂತಿ ಒಂದು ಜಾಗಕ್ಕೆ ಬಂದಾಗ ಇದ್ದಕ್ಕಿದ್ದಂತೆ ತುಂಬಿಕೊಂಡು ಝೇಂಕರಿಸುತ್ತದೆ. ತಂತಿ ಬದಲಾಗಿಲ್ಲ, ಬುರುಡೆ ಬದಲಾಗಿಲ್ಲ. ಬದಲಾದದ್ದು ಒಂದು ದಾರದ ಜಾಗ ಮಾತ್ರ.

ಹೆಡ್‌ಫೋನಿನ ಇಯರ್‌ಪ್ಯಾಡ್ ಬಗ್ಗೆ ಒಂದು ಗಂಟೆ ಮಾತಾಡುತ್ತೇನೆ ಅಂದಾಗ ಸಂಘಟಕರು ಸ್ವಲ್ಪ ಅನುಮಾನಿಸಿದರು. ಮೆತ್ತೆಯ ಬಗ್ಗೆ ಅಷ್ಟು ಹೊತ್ತು ಹೇಳುವುದಕ್ಕೆ ಏನಿದೆ ಎಂಬುದು ಅವರ ಪ್ರಶ್ನೆ. ನನ್ನ ಉತ್ತರ ಆ ದಾರದಲ್ಲೇ ಇದೆ. ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನಿಗೆ ಲಕ್ಷಗಟ್ಟಲೆ ಕೊಟ್ಟವರು, ಅದರ ಆಂಪ್ಲಿಫೈಯರಿಗೆ ಇನ್ನೊಂದಷ್ಟು ಸುರಿದವರು, ಐದಾರು ವರ್ಷ ಕಳೆದ ಮೇಲೆ "ಯಾಕೋ ಮೊದಲಿನ ಹಾಗಿಲ್ಲ" ಎಂದು ನನ್ನ ಹತ್ತಿರ ಬರುತ್ತಾರೆ. ಕೇಬಲ್ ಬದಲಿಸೋಣವೇ, ಡಿಜಿಟಲ್ ಸಂಗೀತವನ್ನು ವಿದ್ಯುತ್ ಸಿಗ್ನಲ್ ಮಾಡುವ ಡಿಎಸಿ ಬದಲಿಸೋಣವೇ ಅಂತ ಕೇಳುತ್ತಾರೆ. ನಾನು ಮೊದಲು ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಬಹಳ ಸಲ ಅಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಹೊಸಬರಿಗಾಗಿ ಈ ಯಂತ್ರದ ಹೊಟ್ಟೆಯಲ್ಲಿ ಏನಿದೆ ಅಂತ ಬೇಗ ಹೇಳಿಬಿಡುತ್ತೇನೆ. ಮಾಮೂಲಿ ಹೆಡ್‌ಫೋನಿನಲ್ಲಿ ಅಯಸ್ಕಾಂತ, ತಾಮ್ರದ ಸುರುಳಿ, ಅದಕ್ಕೆ ಅಂಟಿದ ಒಂದು ಪರದೆ ಇರುತ್ತವೆ. ಎಲೆಕ್ಟ್ರೋಸ್ಟ್ಯಾಟಿಕ್‌ನಲ್ಲಿ ಸುರುಳಿಯೂ ಇಲ್ಲ, ಅಯಸ್ಕಾಂತವೂ ಇಲ್ಲ. ಒಂದೆರಡು ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಪರದೆಯೊಂದನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ನಮ್ಮ ತಲೆಕೂದಲನ್ನು ಉದ್ದಕ್ಕೆ ಮೂವತ್ತು ನಲವತ್ತು ಪದರವಾಗಿ ಸೀಳಿದರೆ ಒಂದು ಪದರ ಎಷ್ಟಿರಬಹುದೋ ಅಷ್ಟು ತೆಳು. ಅದರ ಎರಡೂ ಬದಿಗೆ, ಸುಮಾರು ಅರ್ಧ ಮಿಲಿಮೀಟರ್ ದೂರದಲ್ಲಿ, ತೂತುಗಳಿರುವ ಎರಡು ಲೋಹದ ತಟ್ಟೆಗಳು. ಅವಕ್ಕೆ ಸ್ಟೇಟರ್ ಎನ್ನುತ್ತಾರೆ. ಪರದೆಗೆ ಸ್ಥಿರವಾದ ವಿದ್ಯುತ್ ಆವೇಶ ಕೊಟ್ಟು, ಸಂಗೀತದ ಸಿಗ್ನಲನ್ನು ತಟ್ಟೆಗಳಿಗೆ ಕೊಟ್ಟರೆ, ಪರದೆ ಆ ಕಡೆ ಈ ಕಡೆ ಸೆಳೆದುಕೊಳ್ಳುತ್ತದೆ. ಇಡೀ ಪರದೆ ಒಟ್ಟಿಗೆ ಅಲುಗುತ್ತದೆ. ಅದರ ಧ್ವನಿ ಅಷ್ಟು ತಿಳಿಯಾಗಿರುವುದಕ್ಕೆ ಕಾರಣ ಅದೇ.

ಈ ಕಥೆಯ ದೊಡ್ಡ ಭಾಗ ಜಪಾನಿನದು. 1938ರಲ್ಲಿ ಶುರುವಾದ ಕಂಪನಿ, ಮುಂದೆ ಸ್ಟ್ಯಾಕ್ಸ್ ಎಂದೇ ಹೆಸರಾಯಿತು. 1959ರಲ್ಲಿ ಎಸ್‌ಆರ್-1 ಎಂಬ ಎಲೆಕ್ಟ್ರೋಸ್ಟ್ಯಾಟಿಕ್ ಹೆಡ್‌ಫೋನನ್ನು ತೋರಿಸಿ, ಮರುವರ್ಷ ಮಾರಾಟಕ್ಕೆ ತಂದಿತು. ಅವರು ಅದನ್ನು ಹೆಡ್‌ಫೋನ್ ಎನ್ನಲೇ ಇಲ್ಲ, ಇಯರ್‌ಸ್ಪೀಕರ್ ಎಂದರು. ನನಗೆ ಆ ಹೆಸರು ಬಹಳ ಇಷ್ಟ. ಸ್ಪೀಕರ್ ಅಂದಮೇಲೆ ಅದಕ್ಕೊಂದು ಕೋಣೆ ಬೇಕು. ಇಯರ್‌ಸ್ಪೀಕರಿನ ಕೋಣೆ ಯಾವುದು? ಈ ಪ್ಯಾಡಿನ ಒಳಗಿರುವ ಬೆರಳಗಲದ ಗಾಳಿ. ಪ್ಯಾಡೇ ಅದರ ಗೋಡೆ, ನಿಮ್ಮ ಕೆನ್ನೆ ಇನ್ನೊಂದು ಗೋಡೆ, ಕಿವಿ ಅಲ್ಲಿ ಕೂತ ಕೇಳುಗ. ಗೋಡೆ ಕುಸಿದರೆ ಸ್ಪೀಕರ್ ಎಷ್ಟು ಒಳ್ಳೆಯದಿದ್ದು ಏನು ಬಂತು?

ಈ ಗೋಡೆ ಎರಡು ಕೆಲಸ ಮಾಡುತ್ತದೆ. ಒಂದು, ಮುಂದಿನ ಗಾಳಿಯನ್ನು ಹಿಂದಿನ ಗಾಳಿಯಿಂದ ಬೇರೆ ಇಡುವುದು. ಈ ಹೆಡ್‌ಫೋನುಗಳಲ್ಲಿ ಹೆಚ್ಚಿನವು ಹಿಂಬದಿ ತೆರೆದವು. ಪರದೆ ಮುಂದಕ್ಕೆ ಬಂದಾಗ ಕಿವಿಯ ಕಡೆ ಒತ್ತಡ ಏರುತ್ತದೆ, ಅದೇ ಹೊತ್ತಿಗೆ ಹೊರಗಡೆ ಇಳಿಯುತ್ತದೆ. ನಡುವೆ ಎಲ್ಲಾದರೂ ಸಂದಿ ಇದ್ದರೆ ಇಲ್ಲಿಯ ಗಾಳಿ ಅಲ್ಲಿಗೆ ನುಸುಳಿ ಎರಡೂ ಸಮವಾಗಿಬಿಡುತ್ತವೆ. ಮೇಲಿನ ಸ್ವರಗಳಿಗೆ ಇದು ಅಷ್ಟು ತಟ್ಟುವುದಿಲ್ಲ, ಅವು ಬಲು ವೇಗ, ನುಸುಳುವಷ್ಟರಲ್ಲಿ ದಿಕ್ಕೇ ಬದಲಾಗಿರುತ್ತದೆ. ನಿಧಾನವಾದ ಕೆಳಗಿನ ಸ್ವರಗಳು ಮಾತ್ರ ಪೂರಾ ಸೋರಿಹೋಗುತ್ತವೆ. ಮೃದಂಗದ ಎಡ ಬದಿಯ ಗುಮ್ಮೆನ್ನುವ ನಾದ ಇರಬೇಕಾದ ಕಡೆ ಒಣಗಿದ ಟಪ್ ಮಾತ್ರ ಉಳಿಯುತ್ತದೆ. "ಎಲೆಕ್ಟ್ರೋಸ್ಟ್ಯಾಟಿಕ್‌ನಲ್ಲಿ ಬಾಸ್ ಇಲ್ಲ" ಎನ್ನುವ ದೂರು ತುಂಬ ಹಳೆಯದು. ಆ ದೂರು ಹೇಳಿದವರಲ್ಲಿ ಎಷ್ಟು ಮಂದಿಯ ಪ್ಯಾಡು ಕೆನ್ನೆಗೆ ಸರಿಯಾಗಿ ಕೂತಿತ್ತು ಎಂದು ನನಗೆ ಕೇಳಬೇಕೆನಿಸುತ್ತದೆ.

ಎರಡನೆಯ ಕೆಲಸ ದೂರ ಕಾಯುವುದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 34 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 34 ಸಲ ಕಂಪಿಸುವ, ಸ್ವರದ ಅಲೆ ಹತ್ತು ಮೀಟರ್ ಉದ್ದ. ಅದಕ್ಕೆ ಪ್ಯಾಡಿನ ಅರ್ಧ ಸೆಂಟಿಮೀಟರ್ ಲೆಕ್ಕಕ್ಕೇ ಇಲ್ಲ. ಆದರೆ 10,000 ಹರ್ಟ್ಸ್‌ನ ಅಲೆ ಬರೀ ಮೂರೂವರೆ ಸೆಂಟಿಮೀಟರ್. ಹಳೆಯದಾದ ಪ್ಯಾಡು ಅರ್ಧ ಸೆಂಟಿಮೀಟರ್ ಕುಸಿಯಿತು ಅನ್ನಿ, ಆ ಅಲೆಯ ಏಳನೇ ಒಂದು ಭಾಗದಷ್ಟು ನಿಮ್ಮ ಕಿವಿ ಪರದೆಗೆ ಹತ್ತಿರ ಸರಿಯಿತು. ಕಿವಿಯ ಮಡಿಕೆಗಳಲ್ಲಿ ತಾಗಿ ತಿರುಗುವ ಸದ್ದು, ಪ್ಯಾಡಿನ ಒಳಗೋಡೆಗೆ ಬಡಿದು ಬರುವ ಸದ್ದು, ಎಲ್ಲ ಬೇರೆ ರೀತಿ ಕೂಡಿಕೊಳ್ಳುತ್ತವೆ. ತಾಳದ ಝಣತ್ಕಾರ ಚುಚ್ಚತೊಡಗುತ್ತದೆ, ಇಲ್ಲವೇ ಪಿಟೀಲಿನ ಮೇಲಿನ ಹೊಳಪು ಹೋಗುತ್ತದೆ. ಇದು ದಿನಕ್ಕೆ ಕೂದಲೆಳೆಯಷ್ಟು ಆಗುತ್ತ ಹೋಗುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಹೊಸ ಪ್ಯಾಡ್ ಹಾಕಿದ ದಿನ ಮಾತ್ರ ಗೊತ್ತಾಗುತ್ತದೆ.

ಬದಲಿಸುವ ಮಾತಿಗೆ ಮುಂಚೆ ಹೊಂದಿಸುವ ಮಾತು. ಇದಕ್ಕೆ ಖರ್ಚಿಲ್ಲ, ಆದರೂ ಬಹಳ ಜನ ಮಾಡುವುದಿಲ್ಲ.

1998ರಲ್ಲಿ ಬಂದ ಸ್ಟ್ಯಾಕ್ಸ್ ಎಸ್‌ಆರ್-007, ಒಮೆಗಾ-2 ಅಂತಲೇ ಎಲ್ಲರೂ ಕರೆಯುವುದು, ಅದನ್ನೇ ತೆಗೆದುಕೊಳ್ಳಿ. ಅದರ ಗುಂಡನೆಯ ಚರ್ಮದ ಪ್ಯಾಡನ್ನು ಇದ್ದಲ್ಲೇ ತಿರುಗಿಸಬಹುದು. ಸುತ್ತಲೂ ಅದರ ಎತ್ತರ ಒಂದೇ ಸಮ ಇಲ್ಲ. ನಮ್ಮ ತಲೆಯೂ ಹಾಗೆಯೇ ಅಲ್ಲವೇ? ಕಿವಿಯ ಮುಂದೆ ದವಡೆ ಎಲುಬು ಉಬ್ಬಿರುತ್ತದೆ, ಕಿವಿಯ ಹಿಂದೆ ಕೆಳಗೆ ಗುಳಿ ಇರುತ್ತದೆ. ಪ್ಯಾಡಿನ ದಪ್ಪ ಭಾಗ ಆ ಗುಳಿಗೆ ಕೂರಬೇಕು. ಕಾರ್ಖಾನೆಯಿಂದ ಬಂದ ಹಾಗೆ ವರ್ಷಗಟ್ಟಲೆ ಇಟ್ಟುಕೊಂಡು, ಒಂದು ದಿನ ಕಾಲು ಸುತ್ತು ತಿರುಗಿಸಿ, "ಇದೇನು ಬೇರೆ ಹೆಡ್‌ಫೋನಾಯಿತಲ್ಲ" ಎಂದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದರ ಪ್ಯಾಡಿನ ಒಳಗೆ ಲೋಹದ ಸಣ್ಣ ಸ್ಪ್ರಿಂಗ್ ಕೂಡ ಇದೆ, ಚರ್ಮ ಕುಸಿಯದಂತೆ ಎತ್ತಿ ಹಿಡಿಯುವುದಕ್ಕೆ. ಕಾಲಕ್ರಮದಲ್ಲಿ ಅದು ಸೋತರೆ ಬಗ್ಗಿಸಿ ಮತ್ತೆ ಎತ್ತರ ಕೊಡುವವರಿದ್ದಾರೆ. ಕೈ ಪಳಗಿದವರಿಗೆ ಅದು ಸುಲಭ. ಮೊದಲ ಸಲ ಮಾಡುವವರು ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಆಯತಾಕಾರದ ಲ್ಯಾಂಬ್ಡಾ ಕುಟುಂಬ 1979ರಿಂದ ಇಂದಿನವರೆಗೂ ನಡೆದು ಬಂದಿದೆ. ಅದರಲ್ಲಿ ಪ್ಯಾಡನ್ನು ತಿರುಗಿಸಲಾಗುವುದಿಲ್ಲ. ಅಲ್ಲಿ ನಿಮ್ಮ ಕೈಯಲ್ಲಿರುವುದು ತಲೆಪಟ್ಟಿಯ ಎತ್ತರ. ಒಂದು ಮೆಟ್ಟಿಲು ಇಳಿಸಿದರೆ ಕಿವಿಯ ಕೆಳಗಿನ ಸಂದಿ ಮುಚ್ಚುತ್ತದೆ, ಅತಿಯಾಗಿ ಇಳಿಸಿದರೆ ಮೇಲಿನ ಕಡೆ ಬಾಯಿ ಬಿಡುತ್ತದೆ.

ಸಂದಿ ಎಲ್ಲಿದೆ ಎಂದು ಹುಡುಕುವುದು ಹೇಗೆ? ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿಕೊಳ್ಳಿ. 30 ಹರ್ಟ್ಸ್ ಇಡಿ, ವಾಲ್ಯೂಮ್ ತೀರ ಕಡಿಮೆ ಇರಲಿ. ಹೆಡ್‌ಫೋನ್ ಹಾಕಿಕೊಂಡು ಪ್ಯಾಡಿನ ಅಂಚನ್ನು ಬೆರಳ ತುದಿಯಿಂದ ಒಂದೊಂದು ಕಡೆ ಮೆಲ್ಲಗೆ ಒತ್ತುತ್ತ ಬನ್ನಿ. ದವಡೆಯ ಬಳಿ, ಕಿವಿಯ ಹಿಂದೆ, ಕೆನ್ನೆಯ ಮೂಲೆಯಲ್ಲಿ. ಎಲ್ಲಿ ಒತ್ತಿದಾಗ ಆ ಗುಂಯ್ ಎನ್ನುವ ಸದ್ದು ಥಟ್ಟನೆ ದಪ್ಪಗಾಗುತ್ತದೋ, ಸೋರುತ್ತಿದ್ದದ್ದು ಅಲ್ಲಿ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಮಾಡಿ ನೋಡಿ. ಒಂದು ಕಡೆ ಸೋರುತ್ತಿದ್ದರೆ ಹಾಡುವವರು ನಡುವೆ ನಿಲ್ಲದೆ ಒಂದು ಬದಿಗೆ ವಾಲಿದ ಹಾಗೆ ಕೇಳುತ್ತದೆ. ಜನ ಅದನ್ನು ಡ್ರೈವರ್, ಅಂದರೆ ಪರದೆ ಮತ್ತು ತಟ್ಟೆಗಳ ಜೋಡಣೆಯೇ, ಕೆಟ್ಟಿದೆ ಅಂತ ತಿಳಿದು ಹೆದರುತ್ತಾರೆ.

ಕನ್ನಡಕದವರಿಗೆ ಒಂದು ಮಾತು. ಕನ್ನಡಕದ ಕಡ್ಡಿ ಪ್ಯಾಡಿನ ಅಡಿಗೆ ಹೋಗುವ ಕಡೆ ಎರಡೂ ಬದಿಗೆ ಸಣ್ಣ ಸುರಂಗ ಕೊರೆದಂತೆ. ಮೆತ್ತಗಿನ ಹೊಸ ಪ್ಯಾಡ್ ಅದನ್ನು ಸುತ್ತಿ ಮುಚ್ಚುತ್ತದೆ, ಗಟ್ಟಿಯಾದ ಹಳೆಯದು ಮುಚ್ಚುವುದಿಲ್ಲ. ತೆಳು ಕಡ್ಡಿಯ ಕನ್ನಡಕ ಇದ್ದರೆ ಕೇಳುವಾಗ ಹಾಕಿಕೊಳ್ಳುವುದಕ್ಕೆಂದೇ ಅದನ್ನು ಎತ್ತಿಟ್ಟುಕೊಳ್ಳಿ.

ಇನ್ನೊಂದು ಸಂಗತಿಗೆ ಹೊಸಬರು ಗಾಬರಿಯಾಗುತ್ತಾರೆ. ಹೊಸ ಪ್ಯಾಡ್ ಚೆನ್ನಾಗಿ ಕೂತಾಗ, ಕಿವಿಯ ಮೇಲೆ ಕೂರುವ ಬಟ್ಟಲನ್ನು, ಅಂದರೆ ಕಪ್ಪನ್ನು, ಕೈಯಿಂದ ತಲೆಗೆ ಒತ್ತಿದರೆ ಪರ್ರ್ ಎಂದೋ ಚಟಪಟ ಎಂದೋ ಒಂದು ಸದ್ದು ಬರುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಆ ತೆಳು ಪರದೆಯನ್ನು ಸ್ಟೇಟರಿನ ಕಡೆಗೆ ತಳ್ಳಿದ್ದರ ಸದ್ದು ಅದು. ಗಾಳಿ ಹೊರಬಿದ್ದರೆ ಪರದೆ ತನ್ನ ಜಾಗಕ್ಕೆ ಬರುತ್ತದೆ. ಸೀಲ್ ಸರಿಯಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೂ ಬೇಕೆಂದೇ ಒತ್ತಿ ಒತ್ತಿ ನೋಡಬೇಡಿ, ದಯವಿಟ್ಟು. ಹಾಕುವಾಗಲೂ ತೆಗೆಯುವಾಗಲೂ ಒಂದು ಅಂಚನ್ನು ಮೊದಲು ಎತ್ತಿ ಗಾಳಿಗೆ ದಾರಿ ಕೊಡಿ. ಈ ಒಂದು ಅಭ್ಯಾಸ ಆ ಪರದೆಯ ಆಯುಸ್ಸನ್ನು ಕಾಯುತ್ತದೆ.

ಈಗ ಬದಲಿಸುವುದಕ್ಕೆ ಬರೋಣ.

ಪ್ಯಾಡ್ ಯಾಕೆ ಸಾಯುತ್ತದೆ? ಹೊರಗಿನದು ಕುರಿಯ ಚರ್ಮ ಇರಬಹುದು, ಇಲ್ಲವೇ ನಾವು ರೆಕ್ಸಿನ್ ಎನ್ನುವ ಕೃತಕ ಚರ್ಮ. ಒಳಗಿನದು ಪಾಲಿಯುರೆಥೇನ್ ಫೋಮ್. ಈ ಪಾಲಿಯುರೆಥೇನ್‌ನ ದೊಡ್ಡ ಶತ್ರು ನೀರಿನ ಆವಿ. ಗಾಳಿಯ ತೇವ ಅದರ ಅಣುಗಳ ಕೊಂಡಿಗಳನ್ನು ವರ್ಷಗಳ ಉದ್ದಕ್ಕೂ ಒಂದೊಂದಾಗಿ ಕಡಿಯುತ್ತ ಹೋಗುತ್ತದೆ. ಮೊದಲು ಅಂಟಂಟಾಗುತ್ತದೆ, ಆಮೇಲೆ ಪುಡಿಯಾಗುತ್ತದೆ. ಉಪಯೋಗಿಸದೆ ಡಬ್ಬಿಯಲ್ಲಿಟ್ಟರೂ ಇದು ನಿಲ್ಲುವುದಿಲ್ಲ. ಮಂಗಳೂರು, ಕಾರವಾರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಬೀರುವಿನೊಳಗಿನ ರೆಕ್ಸಿನ್ ಚೀಲ ಏನಾಗುತ್ತದೆ ಎಂದು ಅವರು ನೋಡಿಯೇ ಇರುತ್ತಾರೆ. ಇದರ ಮೇಲೆ ನಮ್ಮ ಬೆವರು, ತಲೆಯ ಎಣ್ಣೆ. ನಾನಂತೂ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡ ದಿನ ಹೆಡ್‌ಫೋನ್ ಮುಟ್ಟುವುದೇ ಇಲ್ಲ. ಕೇಳಿದ ಮೇಲೆ ಪ್ಯಾಡನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸುತ್ತೇನೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಇಡುತ್ತೇನೆ.

ಹಳೆಯ ಜೋಡಿಗಳಲ್ಲಿ ಪ್ಯಾಡಿಗಿಂತ ಕಿವಿಗೂ ಡ್ರೈವರಿಗೂ ನಡುವೆ ಇರುವ ತೆಳು ಫೋಮ್ ಹಾಳೆ ಹೆಚ್ಚು ಅಪಾಯ. ಅದು ಪುಡಿಯಾದರೆ ಪುಡಿ ನೇರವಾಗಿ ಡ್ರೈವರಿನ ಮೇಲೆ ಬೀಳುತ್ತದೆ. ಅಲ್ಲೊಂದು ಪಾರದರ್ಶಕ ದೂಳುತಡೆ ಹಾಳೆ ಇರುತ್ತದೆ, ಅದೂ ಬಲು ತೆಳು. ಅದು ಹರಿದರೆ ಒಳಗಿನ ಆವೇಶ ದೂಳನ್ನೂ ಕೂದಲನ್ನೂ ತಾನಾಗಿ ಸೆಳೆದುಕೊಳ್ಳುತ್ತದೆ. ನಿಮ್ಮ ಹೆಡ್‌ಫೋನಿನ ಒಳಗಡೆ ಕಪ್ಪು ಪುಡಿ ಕಾಣುತ್ತಿದ್ದರೆ ಇನ್ನು ಕಾಯಬೇಡಿ.

ಲ್ಯಾಂಬ್ಡಾಗಳಲ್ಲಿ ಪ್ಯಾಡನ್ನು ಡಬಲ್ ಸೈಡ್ ಟೇಪಿನಿಂದ ಚೌಕಟ್ಟಿಗೆ ಅಂಟಿಸಿರುತ್ತಾರೆ. ಬೇರೆ ಕೆಲವು ತಯಾರಿಕೆಗಳಲ್ಲಿ ಪ್ಯಾಡಿನ ಚರ್ಮದ ಅಂಚನ್ನು ಕಪ್ಪಿನ ತೋಡಿನೊಳಗೆ ಸಿಕ್ಕಿಸಿರುತ್ತಾರೆ. ಮಾಡುವ ಮೊದಲು ನಿಮ್ಮದು ಯಾವುದು ಎಂದು ಖಚಿತ ಮಾಡಿಕೊಳ್ಳಿ, ಅಂಟಿಸಿದ್ದನ್ನು ಸಿಕ್ಕಿಸಿದ್ದು ಎಂದುಕೊಂಡು ಎಳೆದರೆ ಅನಾಹುತ.

ಮೊದಲ ನಿಯಮ ವಿದ್ಯುತ್ತಿನದು. ಸ್ಟ್ಯಾಕ್ಸ್ ಪ್ರೊ ಮಾದರಿಗಳಲ್ಲಿ ಪರದೆಗೆ ಕೊಡುವ ಸ್ಥಿರ ವೋಲ್ಟೇಜ್, ಅಂದರೆ ಬಯಸ್, 580 ವೋಲ್ಟ್. ಹಳೆಯ ಆರು ಪಿನ್ನಿನವುಗಳಲ್ಲಿ 230. ಕಾಸ್ ಕಂಪನಿಯ ಇಎಸ್‌ಪಿ-950ರಲ್ಲಿ 600. ಬಯಸ್ ದೊಡ್ಡ ರೆಸಿಸ್ಟರಿನ ಮೂಲಕ ಬರುವುದರಿಂದ ಅದರಲ್ಲಿ ಹರಿಯುವ ಕರೆಂಟ್ ತೀರ ಅತ್ಯಲ್ಪ. ಆದರೆ ಸ್ಟೇಟರಿಗೆ ಆಂಪ್ಲಿಫೈಯರಿನಿಂದ ನೇರವಾಗಿ ನೂರಾರು ವೋಲ್ಟ್ ಬರುತ್ತದೆ. ಆದ್ದರಿಂದ ಆಂಪ್ಲಿಫೈಯರ್ ಆರಿಸಿ, ಹೆಡ್‌ಫೋನಿನ ಪ್ಲಗ್ ಕಿತ್ತು, ಒಂದು ರಾತ್ರಿ ಬಿಟ್ಟುಬಿಡಿ. ಆವೇಶ ಇಳಿದ ಮೇಲೆ ದೂಳನ್ನು ಸೆಳೆಯುವ ಶಕ್ತಿಯೂ ಕಡಿಮೆಯಾಗಿರುತ್ತದೆ.

ಜಾಗವೂ ಮುಖ್ಯ. ಫ್ಯಾನ್ ಆರಿಸಿ. ಸಾಕಿದ ಬೆಕ್ಕು, ನಾಯಿ ಇದ್ದರೆ ಆ ಕೋಣೆ ಬೇಡ. ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ. ಕಪ್ಪನ್ನು ಡ್ರೈವರ್ ಕೆಳಮುಖವಾಗುವಂತೆ ಹಿಡಿದು ಕೆಲಸ ಮಾಡಿ. ಉದುರಿದ್ದು ಮೇಜಿಗೆ ಬೀಳಲಿ, ಒಳಗಲ್ಲ. ತೆಗೆಯುವ ಮುಂಚೆ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಹೊಲಿಗೆ ಎಲ್ಲಿತ್ತು, ದಪ್ಪ ಭಾಗ ಯಾವ ಕಡೆಗಿತ್ತು ಎಂದು ಕಾಣುವ ಹಾಗೆ. ಒಂದು ಬದಿ ಪೂರಾ ಮುಗಿಸಿದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಿ.

ಅಂಟಿದ ಪ್ಯಾಡನ್ನು ಒಂದು ಮೂಲೆಯಿಂದ ಹಿಡಿದು, ನೇರ ಮೇಲಕ್ಕಲ್ಲ, ಚೌಕಟ್ಟಿಗೆ ಆದಷ್ಟು ಒರಗಿದ ಹಾಗೆ ಹಿಂದಕ್ಕೆ ಮಡಚುತ್ತ ನಿಧಾನವಾಗಿ ಸುಲಿಯಬೇಕು. ಬಾಳೆ ಎಲೆಯ ನಾರು ಬಿಡಿಸುವಷ್ಟು ತಾಳ್ಮೆ ಬೇಕು. ಹೇರ್ ಡ್ರೈಯರ್ ಹಿಡಿದರೆ ಅಂಟು ಸಡಿಲವಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಡ್ರೈವರ್ ಪಕ್ಕದಲ್ಲೇ ಇರುವಾಗ ಬಿಸಿ ಗಾಳಿಯ ರಭಸ ನನಗೆ ಒಪ್ಪಿಗೆಯಿಲ್ಲ. ವ್ಯಾಕ್ಯೂಮ್ ಕ್ಲೀನರ್ ಅಂತೂ ಕನಸಿನಲ್ಲೂ ಬೇಡ, ಬಾಯಿಂದ ಊದುವುದೂ ಬೇಡ.

ಆಮೇಲೆ ಚೌಕಟ್ಟಿನ ಮೇಲೆ ಹಳೆಯ ಅಂಟು ಉಳಿದಿರುತ್ತದೆ. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಹಲವು ವರ್ಷಗಳ ಹಿಂದೆ, ನಾನು ಮೊದಲು ಕೊಂಡ ಹಳೆಯ ಜೋಡಿ ಅದು. ಅಂಟು ಬಿಡಲಿಲ್ಲವೆಂದು ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಧಾರಾಳವಾಗಿ ಸುರಿದು ಉಜ್ಜಿದೆ. ಒಂದು ಹನಿ ಚೌಕಟ್ಟಿನ ಒಳ ಅಂಚಿನಿಂದ ಜಾರಿ ಡ್ರೈವರಿನ ಕಡೆ ಇಳಿಯಿತು. ಕಣ್ಣೆದುರೇ ಇಳಿಯಿತು, ತಡೆಯಲಾಗಲಿಲ್ಲ. ಒಣಗಿದ ಮೇಲೆ ಹಾಕಿ ಕೇಳಿದರೆ ಎಡಗಡೆಯ ಧ್ವನಿ ಬಲಕ್ಕಿಂತ ಸಣ್ಣದಾಗಿತ್ತು, ಅದು ಮತ್ತೆ ಪೂರ್ತಿ ಸರಿಹೋಗಲಿಲ್ಲ. ಪರದೆಯ ಮೇಲೆ ಆವೇಶ ಹಿಡಿದಿಡುವ ಲೇಪನ ಎಷ್ಟು ಸೂಕ್ಷ್ಮ ಎಂದು ಆ ಹನಿ ಕಲಿಸಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರೋ ದೂರದ ದೇಶದಲ್ಲಿ ಕೈಯಿಂದ ಎಳೆದು ಕಟ್ಟಿದ ಪರದೆ, ನನಗಿಂತ ಮುಂಚೆ ಇನ್ಯಾರೋ ಜೋಪಾನವಾಗಿಟ್ಟಿದ್ದ ವಸ್ತು, ನನ್ನ ಆತುರಕ್ಕೆ ಹಾಳಾಯಿತು.

ಈಗ ನಾನು ಮಾಡುವುದು ಹೀಗೆ. ಅಂಟನ್ನು ಮೊದಲು ಬೆರಳಿನಿಂದಲೇ ಉರುಳಿಸಿ ಉರುಳಿಸಿ ತೆಗೆಯುತ್ತೇನೆ. ಅರ್ಧ ಗಂಟೆ ಹಿಡಿದರೂ ಸರಿ, ಮುಕ್ಕಾಲು ಪಾಲು ಹಾಗೇ ಬರುತ್ತದೆ. ಉಳಿದದ್ದಕ್ಕೆ ಮಾತ್ರ ಕಿವಿ ಸ್ವಚ್ಛ ಮಾಡುವ ಹತ್ತಿಕಡ್ಡಿಯ ತುದಿಗೆ ಆಲ್ಕೊಹಾಲ್ ಮುಟ್ಟಿಸಿ, ಬಟ್ಟೆಗೆ ಒತ್ತಿ ಹೆಚ್ಚಿನದನ್ನು ಹೀರಿಸಿ, ಒಳ ಅಂಚಿನಿಂದ ಹೊರಗಡೆಗೆ ಎಳೆಯುತ್ತೇನೆ. ಒಳಮುಖವಾಗಿ ಎಂದೂ ಇಲ್ಲ.

ಹೊಸ ಟೇಪು ತೆಳುವಾಗಿರಲಿ. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಸ್ಪಂಜಿನ ಡಬಲ್ ಸೈಡ್ ಟೇಪು ಕೆಲಸಕ್ಕೆ ಬಾರದು, ಅದರ ದಪ್ಪವೇ ಪ್ಯಾಡಿನ ಎತ್ತರಕ್ಕೆ ಸೇರಿಕೊಳ್ಳುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ತೆಳು ಟೇಪು ಒಳ್ಳೆಯದು. ಟೇಪಿನ ತುಂಡುಗಳ ನಡುವೆ ಮೂಲೆಗಳಲ್ಲಿ ಸಂದಿ ಬಿಡಬೇಡಿ. ಹೊರಗಿಂದ ಕಾಣದ ಆ ಸಂದಿಯಿಂದಲೂ ಬಾಸ್ ಸೋರುತ್ತದೆ. ಪ್ಯಾಡನ್ನು ಒಂದು ತುದಿಯಿಂದ ಕೂರಿಸುತ್ತ ಬನ್ನಿ, ಕಪ್ಪನ್ನು ಅಂಗೈಯಲ್ಲಿ ಮುಚ್ಚಿ ಒತ್ತಬೇಡಿ. ಅಂಚಿನ ಸುತ್ತ ಬೆರಳಿನಿಂದ ಒತ್ತಿದರೆ ಸಾಕು. ಯಾಕೆಂದು ಈಗ ನಿಮಗೇ ಗೊತ್ತು.

ಚಹಾ ಕುಡಿಯುವಾಗ ಹಿರಿಯರೊಬ್ಬರು ಕೇಳಿದರು, ಕಂಪನಿಯ ಪ್ಯಾಡ್ ಬಹಳ ದುಬಾರಿ, ಬೇರೆಯವರು ಮಾಡಿದ್ದು ಕಾಲು ಬೆಲೆಗೆ ಸಿಗುತ್ತದಲ್ಲ ಎಂದು. ಒಳ್ಳೆಯ ಪ್ರಶ್ನೆ ಸರ್. ಅವು ಕೆಟ್ಟವು ಎಂದು ನಾನು ಹೇಳುವುದಿಲ್ಲ, ಕೆಲವು ಬಹಳ ಮೆತ್ತಗೂ ಇರುತ್ತವೆ. ಆದರೆ ವಿನ್ಯಾಸಕಾರರು ತಮ್ಮ ಪ್ಯಾಡನ್ನೇ ಹಾಕಿ ಆ ಹೆಡ್‌ಫೋನಿನ ಧ್ವನಿಯನ್ನು ತೀರ್ಮಾನಿಸಿರುತ್ತಾರೆ. ಎತ್ತರ, ಒಳಬಾಯಿಯ ಅಗಲ, ಒಳಗೋಡೆ ನುಣ್ಣಗಿನ ಚರ್ಮವೋ ತೂತಿರುವ ಚರ್ಮವೋ ಬಟ್ಟೆಯೋ, ಇವುಗಳಲ್ಲಿ ಯಾವುದು ಬದಲಾದರೂ ಧ್ವನಿ ಬದಲಾಗುತ್ತದೆ. ತೂತಿರುವ ಒಳಗೋಡೆ ಸದ್ದನ್ನು ಫೋಮಿನೊಳಗೆ ಹೀರಿಕೊಳ್ಳುತ್ತದೆ, ನುಣ್ಣಗಿನದು ಹಿಂದಕ್ಕೆ ಎಸೆಯುತ್ತದೆ. ಬೇರೆ ಪ್ಯಾಡ್ ಹಾಕಿ ನಿಮಗೆ ಹೆಚ್ಚು ಇಷ್ಟವಾದರೆ ಸಂತೋಷ, ಅದು ನಿಮ್ಮ ಕಿವಿ. ಆದರೆ ಮೊದಲು ಅಸಲಿ ಪ್ಯಾಡನ್ನು ಹೊಸದಾಗಿ ಹಾಕಿ ಒಂದು ತಿಂಗಳು ಕೇಳಿ. ಹೊಸ ಚರ್ಮ ನಿಮ್ಮ ತಲೆಯ ಆಕಾರಕ್ಕೆ ಒಗ್ಗುವುದಕ್ಕೇ ಎರಡು ವಾರ ಬೇಕು. ಆಮೇಲೆ ಹೋಲಿಸಿ. ಸತ್ತ ಪ್ಯಾಡಿನ ಜೊತೆ ಹೋಲಿಸಿ ಹೊಸದನ್ನು ಹೊಗಳಿದರೆ ಅದು ನ್ಯಾಯವಾದ ಹೋಲಿಕೆಯಲ್ಲ. ಬೆಲೆ ನಿಜಕ್ಕೂ ಹೆಚ್ಚು, ನನಗೂ ಭಾರವಾಗುತ್ತದೆ. ಹಾಗಾಗಿಯೇ ಒರೆಸುವುದು, ಒಣಗಿಸುವುದು, ಡಬ್ಬಿಯಲ್ಲಿಡುವುದು ಇಷ್ಟೆಲ್ಲ ಹೇಳಿದ್ದು.

ಯಾವ ರೆಕಾರ್ಡಿಂಗ್ ಹಾಕಿ ಪರೀಕ್ಷಿಸಬೇಕು ಎಂದೂ ಒಬ್ಬರು ಕೇಳಿದ್ದರು. ನನ್ನ ಪದ್ಧತಿ ಸರಳ. ನಿಮಗೆ ಬಾಯಿಪಾಠವಾಗಿರುವ ಒಂದು ಕಛೇರಿ ಹಾಕಿ. ಹಾಡು ಶುರುವಾಗುವ ಮುಂಚಿನ ತಂಬೂರಿ ಕೇಳಿ, ಮಂದ್ರದ ಷಡ್ಜದ ತಂತಿ ಕೆಳಗೆ ಎಷ್ಟು ಆಳಕ್ಕೆ ಹೋಗುತ್ತದೆ, ಜೀವಾಳಿಯ ಝೇಂಕಾರ ಮೇಲೆ ಎಷ್ಟು ಬಿಡಿಬಿಡಿಯಾಗಿದೆ. ಸೀಲ್ ಸರಿಯಿದ್ದರೆ ಮೊದಲನೆಯದು ತುಂಬಿರುತ್ತದೆ, ಎತ್ತರ ಸರಿಯಿದ್ದರೆ ಎರಡನೆಯದು ಚುಚ್ಚದೆ ಹೊಳೆಯುತ್ತದೆ. ಎರಡೂ ಬಂದವು ಅಂದರೆ ಪ್ಯಾಡ್ ಕೂತಿದೆ.

ಆ ಮೇಜಿನ ಮೇಲೆ ಎರಡು ಜೋಡಿ ಇಟ್ಟಿದ್ದೇನೆ. ಒಂದೇ ಮಾದರಿ, ಒಂದೇ ಆಂಪ್ಲಿಫೈಯರ್. ಒಂದಕ್ಕೆ ಹೊಸ ಪ್ಯಾಡ್, ಇನ್ನೊಂದಕ್ಕೆ ಎಂಟು ವರ್ಷ ಹಳೆಯದು. ಪಕ್ಕದ ಫೋನಿನಲ್ಲಿ 30 ಹರ್ಟ್ಸ್ ಇದೆ, ಆಮೇಲೆ ತಂಬೂರಿ. ಒಬ್ಬೊಬ್ಬರಾಗಿ ಬನ್ನಿ. ಹಾಕಿಕೊಳ್ಳುವಾಗ ಒಂದು ಅಂಚು ಮೊದಲು ಎತ್ತಿ ಹಿಡಿಯುವುದನ್ನು ಮರೆಯಬೇಡಿ. ಕನ್ನಡಕ ಹಾಕಿದವರು ಮೊದಲು ಬನ್ನಿ, ನಿಮಗೆ ಎರಡು ಸಲ ಕೇಳಿಸಬೇಕು.